ಪಿಂಚಣಿಗೂ ಒಬ್ಬ ವಕೀಲ ಬೇಕು



ಬೆಳಗಾವಿಯಲ್ಲಿ ಚಳಿಗಾಲದ ಅಧಿವೇಶನ ಶುರುವಾಯಿತೆಂದರೆ ಸುವರ್ಣ ವಿಧಾನಸೌಧದ ಸಮೀಪ ಕೊಂಡಸಕೊಪ್ಪದ ಬಯಲಿನಲ್ಲಿ ಪೆಂಡಾಲುಗಳು ಏಳುತ್ತವೆ. ಅಲ್ಲಿ ಕೂತವರು ಬೇರೆ ಬೇರೆ ಇಲಾಖೆಯವರು, ಬೇರೆ ಬೇರೆ ಜಿಲ್ಲೆಯವರು. ಆದರೆ ಅವರ ಬೇಡಿಕೆಗಳಲ್ಲಿ ಒಂದು ಸಾಮ್ಯವಿದೆ. 2006ರ ಏಪ್ರಿಲ್ 1ರ ನಂತರ ರಾಜ್ಯ ಸರ್ಕಾರದ ನೌಕರಿಗೆ ಸೇರಿದವರು ಪೇಟೆಯನ್ನು ನೆಚ್ಚಿದ ಹೊಸ ಪಿಂಚಣಿ ಬೇಡ, ಹಳೆಯದೇ ಬೇಕು ಎನ್ನುತ್ತಾರೆ. ಅನುದಾನಿತ ಶಾಲೆಗಳ ಶಿಕ್ಷಕರು ತಮಗೂ ಪಿಂಚಣಿ ಬೇಕೆನ್ನುತ್ತಾರೆ. ಅಂಗನವಾಡಿಯವರು ಗ್ರ್ಯಾಚುಟಿಯ ಮಾತು ಎತ್ತುತ್ತಾರೆ. ಎಲ್ಲರ ಚಿಂತೆಯೂ ಒಂದೇ: ದುಡಿಯುವ ಕೈ ನಿಂತ ಮೇಲೆ ಬರುವ ದುಡ್ಡು. ಈ ದುಡ್ಡಿನ ಹಿಂದೆ ಒಂದು ದೊಡ್ಡ ಕಾನೂನಿದೆ. ಅದರ ಅರ್ಧ ಕಾರ್ಮಿಕ ಕಾಯ್ದೆಗಳಲ್ಲಿದೆ. ಇನ್ನರ್ಧ ತೆರಿಗೆ ಕಾಯ್ದೆಯಲ್ಲಿದೆ. ನಮ್ಮ ಕೋರ್ಟುಗಳಲ್ಲಿ ಜಮೀನಿಗೆ ವಕೀಲರಿದ್ದಾರೆ, ಫೌಜದಾರಿಗೆ ಇದ್ದಾರೆ, ವಿಚ್ಛೇದನಕ್ಕೆ ಇದ್ದಾರೆ. ಪಿಂಚಣಿ, ಗ್ರ್ಯಾಚುಟಿ, ಪಿ.ಎಫ್. ಮತ್ತು ಇವುಗಳ ಮೇಲಿನ ತೆರಿಗೆ, ಈ ನಾಲ್ಕನ್ನೂ ಒಟ್ಟಿಗೆ ಬಲ್ಲ ವಕೀಲರು ಎಷ್ಟು ಜನ? ಬೆರಳ ಮೇಲೆ ಎಣಿಸಬೇಕು. ಈ ವಕೀಲಿಕೆ ಒಂದು ಪೂರ್ಣಾವಧಿ ವೃತ್ತಿಯಾಗಬೇಕು, ಅದು ಕೋರ್ಟಿನಲ್ಲೇ ನಿಲ್ಲದೆ ನಿಯಮಗಳ ಕರಡು ಬರೆಯುವ ಮೇಜಿನ ತನಕ ಹೋಗಬೇಕು, ಮತ್ತು ಬೆಳಗಾವಿ ಅದಕ್ಕೆ ತಕ್ಕ ಊರು ಎಂಬುದು ಈ ಹೊತ್ತಿನ ನನ್ನ ವಾದ.

ಒಂದು ತೀರ್ಪಿನಿಂದ ಶುರು ಮಾಡೋಣ. 1979ರ ಮೇ 25ರಂದು ಕೇಂದ್ರ ಸರ್ಕಾರ ತನ್ನ ನೌಕರರ ಪಿಂಚಣಿಯ ಬಗ್ಗೆ ಒಂದು ಆದೇಶ ಹೊರಡಿಸಿತು. ಅದುವರೆಗೆ ಕೊನೆಯ 36 ತಿಂಗಳ ಸರಾಸರಿ ಪಗಾರ ಹಿಡಿದು ಪಿಂಚಣಿ ಲೆಕ್ಕ ಹಾಕುತ್ತಿದ್ದರು. ಹೊಸ ಆದೇಶದಲ್ಲಿ ಕೊನೆಯ 10 ತಿಂಗಳ ಸರಾಸರಿ ಸಾಕು ಎಂದಾಯಿತು. ಪಗಾರ ವರ್ಷದಿಂದ ವರ್ಷಕ್ಕೆ ಏರುತ್ತದಾದ್ದರಿಂದ ಇದು ನೌಕರರಿಗೆ ಲಾಭದ ಲೆಕ್ಕ. ಆದರೆ ಆದೇಶದಲ್ಲಿ ಒಂದು ತಾರೀಖು ಇತ್ತು. 1979ರ ಮಾರ್ಚ್ 31ರಂದು ಅಥವಾ ಆಮೇಲೆ ನಿವೃತ್ತರಾದವರಿಗೆ ಮಾತ್ರ ಇದು ಅನ್ವಯ. ಅಂದರೆ ಫೆಬ್ರುವರಿ ಕೊನೆಗೆ ಮನೆಗೆ ಹೋದವರಿಗೆ ಹಳೆಯ ಲೆಕ್ಕ, ಮಾರ್ಚ್ ಕೊನೆಗೆ ಹೋದವರಿಗೆ ಹೊಸ ಲೆಕ್ಕ. ಕೆಲಸ ಒಂದೇ, ಸೇವೆಯ ವರ್ಷ ಒಂದೇ, ಬೆಲೆಯೇರಿಕೆಯೂ ಇಬ್ಬರಿಗೂ ಒಂದೇ. 1972ರಲ್ಲಿ ನಿವೃತ್ತರಾಗಿದ್ದ ಡಿ.ಎಸ್. ನಾಕರಾ ಸುಪ್ರೀಂ ಕೋರ್ಟಿಗೆ ಹೋದರು. ಸೇನೆಯಿಂದ ನಿವೃತ್ತರಾದ ಒಬ್ಬರು ಜೊತೆಯಾದರು. 'ಕಾಮನ್ ಕಾಸ್' ಎಂಬ ಸಂಸ್ಥೆ ಮೂರನೆಯ ಅರ್ಜಿದಾರನಾಯಿತು. 1982ರ ಡಿಸೆಂಬರ್ 17ರಂದು ಐವರು ನ್ಯಾಯಮೂರ್ತಿಗಳ ಪೀಠದ ತೀರ್ಪು ಬಂತು. ಅದನ್ನು ಬರೆದವರು ನ್ಯಾಯಮೂರ್ತಿ ಡಿ.ಎ. ದೇಸಾಯಿ. ಪಿಂಚಣಿ ಸರ್ಕಾರದ ಕೃಪೆಯಿಂದ ಬರುವ ದಾನವೆಂಬ ಮಾತನ್ನು ಕೋರ್ಟು ಒಪ್ಪಲಿಲ್ಲ. ಅದು ದುಡಿದು ಗಳಿಸಿದ ಹಕ್ಕು ಎಂದಿತು. ಈ ಮಾತು ಎಲ್ಲರಿಗೂ ಗೊತ್ತು, ಡಿಸೆಂಬರ್ 17ನ್ನು ನಿವೃತ್ತರು ಈಗಲೂ ಪಿಂಚಣಿದಾರರ ದಿನವಾಗಿ ಆಚರಿಸುತ್ತಾರೆ. ಆದರೆ ವಕೀಲರು ಗಮನಿಸಬೇಕಾದದ್ದು ಇನ್ನೊಂದಿದೆ. ಕೋರ್ಟು ಆ ಆದೇಶವನ್ನು ಪೂರ್ತಿ ರದ್ದು ಮಾಡಲಿಲ್ಲ. ಮಾಡಿದ್ದರೆ ಯಾರಿಗೂ ಏನೂ ಸಿಗುತ್ತಿರಲಿಲ್ಲ. ತಾರೀಖಿನ ಮೇಲೆ ಜನರನ್ನು ಬೇರ್ಪಡಿಸುವ ಕೆಲವೇ ಪದಗಳನ್ನು ತೆಗೆದುಹಾಕಿ ಉಳಿದದ್ದನ್ನು ಹಾಗೇ ಇಟ್ಟಿತು. ಯಾವ ಪದ ತೆಗೆದರೆ ಯಾರಿಗೆ ಎಷ್ಟು ಹಣ ಬರುತ್ತದೆ ಎಂಬ ಲೆಕ್ಕ ವಾದಿಸುವವರಿಗೆ ಗೊತ್ತಿರಬೇಕು. ಇಷ್ಟಕ್ಕೂ 1871ರ ಪಿಂಚಣಿ ಕಾಯ್ದೆ ಇಂಥ ವಿಷಯಗಳನ್ನು ಸಿವಿಲ್ ಕೋರ್ಟಿಗೆ ಒಯ್ಯುವುದನ್ನೇ ತಡೆದಿತ್ತು. ಆ ಮುಚ್ಚಿದ ಬಾಗಿಲಿನಿಂದ ಈ ತೀರ್ಪಿಗೆ ಬರಲು ನೂರು ವರ್ಷಕ್ಕೂ ಹೆಚ್ಚು ಕಾಲ ಹಿಡಿಯಿತು.

ನಾಕರಾ ಪ್ರಕರಣದಲ್ಲಿ ಲಕ್ಷಾಂತರ ಜನರ ಹಣೆಬರಹ ಆದೇಶದೊಳಗಿನ ಒಂದು ತಾರೀಖಿನಲ್ಲಿತ್ತು, ಅದನ್ನು ನೋಡಿದೆವು. ಈಗ ವ್ಯಾಖ್ಯೆಯ ಕಡೆಗೆ ಬರೋಣ. ಗ್ರ್ಯಾಚುಟಿ ಪಾವತಿ ಕಾಯ್ದೆ 1972ರದ್ದು. 10 ಅಥವಾ ಹೆಚ್ಚು ಜನ ಕೆಲಸ ಮಾಡುವ ಕಡೆ 5 ವರ್ಷ ದುಡಿದವರಿಗೆ, ಪ್ರತಿ ವರ್ಷದ ಸೇವೆಗೆ 15 ದಿನದ ಪಗಾರ ಕೊಡಬೇಕು ಎನ್ನುವುದು ಅದರ ಸಾರವಾಗಿತ್ತು. ಲೆಕ್ಕ ಸುಲಭ. ಕೊನೆಯ ಮೂಲವೇತನ ಮತ್ತು ತುಟ್ಟಿಭತ್ಯೆ ಸೇರಿ ತಿಂಗಳಿಗೆ 13,000 ಇದ್ದರೆ ಅದನ್ನು 26ರಿಂದ ಭಾಗಿಸಿ 15ರಿಂದ ಗುಣಿಸಬೇಕು, 7,500 ಆಗುತ್ತದೆ. 20 ವರ್ಷ ದುಡಿದಿದ್ದರೆ ಒಂದೂವರೆ ಲಕ್ಷ. 1997ರಲ್ಲಿ ಕೇಂದ್ರ ಸರ್ಕಾರ ಈ ಕಾಯ್ದೆಯನ್ನು ಶಿಕ್ಷಣ ಸಂಸ್ಥೆಗಳಿಗೂ ವಿಸ್ತರಿಸಿತು. ಶಿಕ್ಷಕರು ಸಂತೋಷಪಟ್ಟರು. ಆದರೆ ನೌಕರ ಎಂದರೆ ಯಾರು ಎಂದು ಹೇಳುವ ಕಲಮಿನಲ್ಲಿ ಕುಶಲ ಕೆಲಸ, ದೈಹಿಕ ಕೆಲಸ, ಮೇಲ್ವಿಚಾರಣೆ, ತಾಂತ್ರಿಕ ಕೆಲಸ, ಗುಮಾಸ್ತಿಕೆ ಎಂಬ ಪಟ್ಟಿಯಿತ್ತು. ಪಾಠ ಹೇಳುವುದು ಇದರಲ್ಲಿ ಯಾವುದು? ಯಾವುದೂ ಅಲ್ಲ ಎಂದು ಸುಪ್ರೀಂ ಕೋರ್ಟು 2004ರಲ್ಲಿ ಹೇಳಿತು. ಅದೇ ಶಾಲೆಯ ಗುಮಾಸ್ತರಿಗೆ, ಸಿಪಾಯಿಗೆ ಗ್ರ್ಯಾಚುಟಿ, ಶಿಕ್ಷಕರಿಗೆ ಇಲ್ಲ. 2009ರಲ್ಲಿ ಸಂಸತ್ತು ವ್ಯಾಖ್ಯೆಯನ್ನು ತಿದ್ದಿತು, ತಿದ್ದುಪಡಿಯನ್ನು 1997ರಿಂದಲೇ ಜಾರಿಗೆ ತಂದಿತು. ಖಾಸಗಿ ಶಾಲೆಗಳು ಇದನ್ನು ಪ್ರಶ್ನಿಸಿದವು. 2022ರಲ್ಲಿ ಸುಪ್ರೀಂ ಕೋರ್ಟು ತಿದ್ದುಪಡಿಯನ್ನು ಎತ್ತಿಹಿಡಿಯಿತು. 1997ರಿಂದ 2022 ಎಂದರೆ 25 ವರ್ಷ. ಮೊದಲ ದಿನವೇ ವ್ಯಾಖ್ಯೆಯನ್ನು ಸರಿಯಾಗಿ ಓದಿ, ಇದರಲ್ಲಿ ಶಿಕ್ಷಕರು ಬರುವುದಿಲ್ಲ, ತಿದ್ದಿ ಎಂದು ಹೇಳುವವರಿದ್ದಿದ್ದರೆ ಈ ಕಾಲು ಶತಮಾನ ಉಳಿಯುತ್ತಿತ್ತು. ಬೆಳಗಾವಿ ಶಾಲೆ ಕಾಲೇಜುಗಳ ಊರು. ಎಷ್ಟು ಶಿಕ್ಷಕಿಯರು ಈ 25 ವರ್ಷಗಳಲ್ಲಿ ಒಂದು ಶಾಲು, ಒಂದು ಹಾರ, ಒಂದು ಸನ್ಮಾನಪತ್ರದೊಡನೆ ಮನೆಗೆ ಹೋಗಿರಬೇಕು, ಊಹಿಸಿ. ಅದೇ 2022ರಲ್ಲಿ ಅಂಗನವಾಡಿ ಕಾರ್ಯಕರ್ತೆಯರಿಗೂ ಸಹಾಯಕಿಯರಿಗೂ ಈ ಕಾಯ್ದೆ ಅನ್ವಯಿಸುತ್ತದೆ ಎಂದು ಗುಜರಾತಿನ ಪ್ರಕರಣವೊಂದರಲ್ಲಿ ಕೋರ್ಟು ಹೇಳಿತು. ಅಂಗನವಾಡಿ ಯೋಜನೆ ಶುರುವಾದದ್ದು 1975ರಲ್ಲಿ.

ತಾರೀಖು ಒಂದು ಕಡೆ, ವ್ಯಾಖ್ಯೆ ಇನ್ನೊಂದು ಕಡೆ. ಇವೆರಡೂ ಸೇವಾ ಕಾನೂನಿನ ಮಾತು. ಇನ್ನು ತೆರಿಗೆ. ಇಲ್ಲಿ ನಮ್ಮ ವಕೀಲರು ಸಾಮಾನ್ಯವಾಗಿ ಕೈ ಬಿಡುತ್ತಾರೆ, ಲೆಕ್ಕಿಗರ ಹತ್ತಿರ ಹೋಗಿ ಎನ್ನುತ್ತಾರೆ. ಸರ್ಕಾರ ನಿವೃತ್ತಿಯ ಹಣವನ್ನು ಮೂರು ಹೊತ್ತಿನಲ್ಲಿ ನೋಡುತ್ತದೆ: ಕಟ್ಟುವಾಗ, ಬೆಳೆಯುವಾಗ, ತೆಗೆಯುವಾಗ. ಪಿ.ಎಫ್. ಹಣಕ್ಕೆ ಬಹುಮಟ್ಟಿಗೆ ಮೂರು ಹೊತ್ತಿನಲ್ಲೂ ವಿನಾಯಿತಿ ಇದೆ. ಆದರೆ ಷರತ್ತುಗಳಿವೆ. ಬೆಳಗಾವಿಯ ಉದ್ಯಮಬಾಗದ ಒಬ್ಬ ಫೌಂಡ್ರಿ ಕಾರ್ಮಿಕನ ಲೆಕ್ಕ ತೆಗೆದುಕೊಳ್ಳಿ. ಇದು ಕಲ್ಪಿಸಿದ ಉದಾಹರಣೆ, ಆದರೆ ಇಂಥವರು ಅಲ್ಲಿ ನೂರಾರು. ತಿಂಗಳಿಗೆ 15,000 ಪಗಾರ. ಮೂರು ಫೌಂಡ್ರಿಗಳಲ್ಲಿ ನಾಲ್ಕು ನಾಲ್ಕು ವರ್ಷ ದುಡಿದ. ಪ್ರತಿ ಸಲ ಕೆಲಸ ಬಿಟ್ಟಾಗ ಪಿ.ಎಫ್. ಬಿಡಿಸಿಕೊಂಡ. ಪ್ರತಿ ಸಲವೂ 1 ಲಕ್ಷಕ್ಕಿಂತ ಹೆಚ್ಚು ಹಣ ಬಂತು. 5 ವರ್ಷ ತುಂಬಿರಲಿಲ್ಲವಾದ್ದರಿಂದ ಆ ಹಣ ತೆರಿಗೆಗೆ ಒಳಪಟ್ಟಿತು, 10,000ಕ್ಕೂ ಹೆಚ್ಚು ಅಲ್ಲೇ ಕಡಿತವಾಯಿತು. ಅವನ ಆದಾಯಕ್ಕೆ ತೆರಿಗೆಯೇ ಇಲ್ಲ, ರಿಟರ್ನ್ ಹಾಕಿದರೆ ವಾಪಸು ಬರುತ್ತದೆ, ಹಾಕುವವರು ಯಾರು? ಪಿ.ಎಫ್. ಜೊತೆಗೆ ಬರುವ ಪಿಂಚಣಿಗೆ ಕನಿಷ್ಠ 10 ವರ್ಷದ ಸದಸ್ಯತ್ವ ಬೇಕು. ಅವನ ಲೆಕ್ಕದಲ್ಲಿ ಮೂರು ಸಲ ನಾಲ್ಕೇ ವರ್ಷ. ಪಿಂಚಣಿಯೂ ಹೋಯಿತು. ಹಣ ಬಿಡಿಸಿಕೊಳ್ಳದೆ ಖಾತೆಯನ್ನು ವರ್ಗಾಯಿಸಿದ್ದರೆ ಸೇವೆ 12 ವರ್ಷ ಎಂದು ಎಣಿಕೆಯಾಗುತ್ತಿತ್ತು. ತೆರಿಗೆ ಇರುತ್ತಿರಲಿಲ್ಲ. 58ನೇ ವಯಸ್ಸಿಗೆ ತಿಂಗಳಿಗೆ ಸುಮಾರು 2,500 ರೂಪಾಯಿ ಪಿಂಚಣಿ ಸಿಗುತ್ತಿತ್ತು. ಇದು ಬಹಳ ದೊಡ್ಡ ಹಣವೇನಲ್ಲ, ಒಪ್ಪುತ್ತೇನೆ. ಆದರೆ ಏನೂ ಇಲ್ಲದ ಮುದುಕನಿಗೂ ತಿಂಗಳಿಗೆ ಎರಡೂವರೆ ಸಾವಿರ ಬರುವ ಮುದುಕನಿಗೂ ಮನೆಯಲ್ಲಿ ಸಿಗುವ ಮರ್ಯಾದೆ ಬೇರೆ.

ಇಲ್ಲೊಂದು ಗಟ್ಟಿಯಾದ ಆಕ್ಷೇಪಣೆ ಬರುತ್ತದೆ. ಹೊಸ ತೆರಿಗೆ ಪದ್ಧತಿಯಲ್ಲಿ ವರ್ಷಕ್ಕೆ 12 ಲಕ್ಷದವರೆಗೆ ತೆರಿಗೆಯೇ ಇಲ್ಲವಲ್ಲ, ಇನ್ನು ಪಿಂಚಣಿದಾರರಿಗೆ ತೆರಿಗೆ ವಕೀಲರೇಕೆ? ಬಹುತೇಕ ಪಿಂಚಣಿದಾರರ ಮಟ್ಟಿಗೆ ಈ ಮಾತು ನಿಜ. ಆದರೆ ಖಾನಾಪುರದ ಕಡೆಯ ಒಬ್ಬ ವಿಧವೆಯನ್ನು ನೆನೆಯಿರಿ. ಇದೂ ಲೆಕ್ಕಕ್ಕಾಗಿ ಕಲ್ಪಿಸಿದ್ದೇ. ತಿಂಗಳಿಗೆ 25,000 ಕುಟುಂಬ ಪಿಂಚಣಿ ಬರಬೇಕು. ಹೆಸರಿನಲ್ಲಿ ವ್ಯತ್ಯಾಸ, ದಾಖಲೆಯ ತಕರಾರು ಎಂದು ಐದು ವರ್ಷ ತಡವಾಯಿತು. ಕೊನೆಗೆ ಬಾಕಿ 15 ಲಕ್ಷ ಒಂದೇ ಸಲ ಬಂತು. ಆ ವರ್ಷದ ಪಿಂಚಣಿ 3 ಲಕ್ಷ ಸೇರಿ 18 ಲಕ್ಷ. 12 ಲಕ್ಷದ ಗೆರೆ ದಾಟಿತು. ತೆರಿಗೆ ಒಂದೂವರೆ ಲಕ್ಷಕ್ಕೂ ಮೇಲೆ. ವರ್ಷಕ್ಕೆ 3 ಲಕ್ಷದಂತೆ ಸಮಯಕ್ಕೆ ಬಂದಿದ್ದರೆ ಒಂದು ಪೈಸೆ ತೆರಿಗೆಯೂ ಇರುತ್ತಿರಲಿಲ್ಲ. ತಡ ಮಾಡಿದ್ದು ಕಚೇರಿ, ತೆರಿಗೆ ಬಿದ್ದದ್ದು ಅವಳ ಮೇಲೆ. ಕಾನೂನಿನಲ್ಲಿ ಇದಕ್ಕೆ ಪರಿಹಾರವಿದೆ. ಬಾಕಿಯನ್ನು ಆಯಾ ವರ್ಷಕ್ಕೆ ಹಂಚಿ ಲೆಕ್ಕ ಹಾಕಿ ಎಂದು ಕೇಳಬಹುದು, ಕೇಳಿದರೆ ತೆರಿಗೆ ಪೂರ್ತಿ ಇಳಿದುಹೋಗುತ್ತದೆ. ಆದರೆ ಅದಕ್ಕೆ ಪ್ರತ್ಯೇಕ ತಃಖ್ತೆ ಸಲ್ಲಿಸಲೇಬೇಕು; ತಾನಾಗಿ ಯಾರೂ ಕೊಡುವುದಿಲ್ಲ. ಜೊತೆಗೆ ಇನ್ನೊಂದು ವಿಚಿತ್ರ ನೋಡಿ. ಗಂಡ ಬದುಕಿದ್ದಾಗ ಅವನ ಪಿಂಚಣಿಯಲ್ಲಿ 75,000 ರೂಪಾಯಿ ಪ್ರಮಾಣಿತ ಕಡಿತ ಸಿಗುತ್ತಿತ್ತು. ಅದೇ ಸೇವೆಯಿಂದ ಹುಟ್ಟಿದ ಕುಟುಂಬ ಪಿಂಚಣಿ ಹೆಂಡತಿಯ ಕೈಗೆ ಬಂದಾಗ ಕಡಿತ ಹೆಚ್ಚೆಂದರೆ 25,000. ಒಂದನ್ನು ಸಂಬಳ ಎಂದೂ ಇನ್ನೊಂದನ್ನು ಇತರ ಆದಾಯ ಎಂದೂ ಕಾಯ್ದೆ ಬೇರೆ ಬೇರೆ ಕೋಣೆಯಲ್ಲಿ ಇಟ್ಟದ್ದರ ಫಲ ಇದು. ಇದಕ್ಕೆ ನ್ಯಾಯವಾದ ಕಾರಣ ನನಗೆ ಕಾಣುವುದಿಲ್ಲ. ಇದನ್ನು ಯಾವ ಕೋರ್ಟೂ ಸರಿಪಡಿಸಲಾರದು, ಹಣಕಾಸು ಮಸೂದೆಯಲ್ಲಿ ತಿದ್ದಬೇಕು. ತಿದ್ದಿ ಎಂದು ಸರಿಯಾದ ಹೊತ್ತಿಗೆ, ಸರಿಯಾದ ಭಾಷೆಯಲ್ಲಿ ಕೇಳುವವರು ಬೇಕು.

ಇಲ್ಲಿಯವರೆಗೆ ಹೇಳಿದ್ದು ಇಷ್ಟು: ಪಿಂಚಣಿಯ ಭವಿಷ್ಯ ಒಂದು ತಾರೀಖಿನಲ್ಲಿ, ಒಂದು ವ್ಯಾಖ್ಯೆಯಲ್ಲಿ, ಒಂದು ತೆರಿಗೆ ಕಲಮಿನಲ್ಲಿ ಅಡಗಿರುತ್ತದೆ. ಇದನ್ನೇ ವೃತ್ತಿ ಮಾಡಿಕೊಂಡ ವಕೀಲರು ಎಲ್ಲಾದರೂ ಇದ್ದಾರೆಯೆ? ಅಮೆರಿಕದಲ್ಲಿ ಇದ್ದಾರೆ. ಅಲ್ಲಿ ಈ ವೃತ್ತಿ ಬಲಿತದ್ದಕ್ಕೆ ಒಂದು ಕಾರ್ಖಾನೆ ಮುಚ್ಚಿದ ಕತೆಯಿದೆ. ಸ್ಟೂಡಿಬೇಕರ್ ಎಂಬ ಮೋಟಾರು ಕಂಪನಿ 1963ರ ಡಿಸೆಂಬರಿನಲ್ಲಿ ಸೌತ್ ಬೆಂಡ್ ಊರಿನ ಕಾರ್ಖಾನೆಯನ್ನು ನಿಲ್ಲಿಸಿತು. ಪಿಂಚಣಿ ನಿಧಿಯಲ್ಲಿ ಎಲ್ಲರಿಗೂ ಸಾಕಾಗುವಷ್ಟು ಹಣವಿರಲಿಲ್ಲ. ನಿವೃತ್ತರಿಗೂ 60 ದಾಟಿದವರಿಗೂ ಪೂರ್ತಿ ಸಿಕ್ಕಿತು. 40 ದಾಟಿದ ಸುಮಾರು 4,000 ಜನರಿಗೆ ಬರಬೇಕಾದ ಪ್ರತಿ 100 ಡಾಲರಿಗೆ 15 ಡಾಲರಿನಷ್ಟು ಸಿಕ್ಕಿತು. ಇನ್ನೂ ಚಿಕ್ಕವರಿಗೆ ಏನೂ ಇಲ್ಲ. ಹತ್ತು ವರ್ಷದ ವಾದವಿವಾದದ ಬಳಿಕ 1974ರಲ್ಲಿ ನೌಕರರ ನಿವೃತ್ತಿ ಆದಾಯ ಭದ್ರತೆಯ ಕಾಯ್ದೆ ಬಂತು. ಅದನ್ನು ತೆರಿಗೆ ಇಲಾಖೆ, ಕಾರ್ಮಿಕ ಇಲಾಖೆ ಎರಡೂ ಸೇರಿ ನಡೆಸಬೇಕು ಎಂದಾಯಿತು. ಆಗ ಎರಡನ್ನೂ ಬಲ್ಲ ವಕೀಲರು ಬೇಕಾದರು. ಕೆಲವರು ಖಜಾನೆಯಲ್ಲಿ ಕೂತು ನಿಯಮ ಬರೆದರು, ಕೆಲವರು ಸಂಸತ್ತಿನ ಸಮಿತಿಗಳಿಗೆ ಕರಡು ಮಾಡಿಕೊಟ್ಟರು, ಕೆಲವರು ಕಾರ್ಮಿಕ ಸಂಘಗಳ ಪರ, ಕೆಲವರು ಕಂಪನಿಗಳ ಪರ ನಿಂತರು. ಒಬ್ಬನೇ ವಕೀಲ ತನ್ನ ಆಯುಷ್ಯದಲ್ಲಿ ಇಂಥ ಹಲವು ಕುರ್ಚಿಗಳಲ್ಲಿ ಕೂತು ಬಂದದ್ದೂ ಉಂಟು. ಹೀಗೆ ನಿಯಮ ಬರೆಯುವುದರಲ್ಲಿ ಅಪಾಯವೂ ಇದೆ, ಮುಚ್ಚಿಡಬೇಕಾಗಿಲ್ಲ. 1978ರಲ್ಲಿ ಅಲ್ಲಿಯ ತೆರಿಗೆ ಕಾಯ್ದೆಗೆ 401(ಕೆ) ಎಂಬ ಒಂದು ಸಣ್ಣ ಕಲಂ ಸೇರಿತು. ಕೆಲವೇ ದಶಕಗಳಲ್ಲಿ ಕಂಪನಿ ಕೊಡುವ ಪಿಂಚಣಿಯ ಜಾಗದಲ್ಲಿ ನೌಕರನೇ ಕಟ್ಟಿಕೊಳ್ಳುವ ಉಳಿತಾಯ ಬಂದು ಕೂತಿತು. ಶೇರು ಪೇಟೆ ಕುಸಿದರೆ ಇನ್ನು ಮುಂದೆ ನಷ್ಟ ನೌಕರನದು. ನಮ್ಮ ಕೊಂಡಸಕೊಪ್ಪದ ಪೆಂಡಾಲುಗಳಲ್ಲಿ ನಡೆಯುವ ಹಳೆಯ ಪಿಂಚಣಿ, ಹೊಸ ಪಿಂಚಣಿಯ ಜಗಳವೂ ತಿರುಳಿನಲ್ಲಿ ಇದೇ: ಪೇಟೆ ಬಿದ್ದರೆ ನಷ್ಟ ಯಾರ ತಲೆಗೆ?

ಅಮೆರಿಕದ ಮಾತು ಸರಿ, ನಮ್ಮಲ್ಲಿ ಈ ವಕೀಲಿಕೆಯಿಂದ ಹೊಟ್ಟೆ ತುಂಬುತ್ತದೆಯೆ ಎಂದು ಕಿರಿಯ ವಕೀಲರು ಕೇಳಬಹುದು. ನ್ಯಾಯವಾದ ಪ್ರಶ್ನೆ. ವಕೀಲರಿಗೇ ಪಿಂಚಣಿ ಇಲ್ಲ. 1983ರ ವಕೀಲರ ಕಲ್ಯಾಣ ನಿಧಿ ಕಾಯ್ದೆಯಿಂದ ಸಿಗುವುದು ಒಂದು ಇಡಿಗಂಟು. ಪಿಂಚಣಿಯ ಕಕ್ಷಿದಾರರೆಂದರೆ ವಯಸ್ಸಾದವರು, ವಿಧವೆಯರು, ಕೈಯಲ್ಲಿ ಹಣವಿಲ್ಲದವರು. ಆದರೆ ಇದೇ ಜ್ಞಾನ ಕಾರ್ಖಾನೆ ಮಾಲೀಕರಿಗೂ ಬೇಕು. ಉದ್ಯಮಬಾಗ, ಮಚ್ಚೆಯ ಘಟಕಗಳು, ಸಹಕಾರಿ ಸಂಘಗಳು, ಆಸ್ಪತ್ರೆಗಳು, ಶಿಕ್ಷಣ ಸಂಸ್ಥೆಗಳು, ಎಲ್ಲರಿಗೂ ಪಿ.ಎಫ್. ಇದೆ, ಗ್ರ್ಯಾಚುಟಿ ಇದೆ. ಗ್ರ್ಯಾಚುಟಿ 30 ದಿನದೊಳಗೆ ಕೊಡದಿದ್ದರೆ ಬಡ್ಡಿ ಸೇರಿಸಿ ಕೊಡಬೇಕು. 2025ರ ನವೆಂಬರ್ 21ರಿಂದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. ಪಗಾರ ಎಂದರೆ ಏನು ಎಂಬ ವ್ಯಾಖ್ಯೆಯೇ ಬದಲಾಗಿದೆ, ಗೊತ್ತುಪಡಿಸಿದ ಅವಧಿಗೆ ನೇಮಕವಾದವರಿಗೆ ಒಂದು ವರ್ಷಕ್ಕೇ ಗ್ರ್ಯಾಚುಟಿ ಎಂದಾಗಿದೆ. 2026ರ ಏಪ್ರಿಲ್ 1ರಿಂದ 1961ರ ಆದಾಯ ತೆರಿಗೆ ಕಾಯ್ದೆಯ ಜಾಗಕ್ಕೆ ಹೊಸ ಕಾಯ್ದೆ. ಎರಡೂ ಕಡೆ ಒಟ್ಟಿಗೆ ಹೊಸ ಪುಸ್ತಕ ಬಂದಿದೆ. ಹಿರಿಯರ ಮೂವತ್ತು ವರ್ಷದ ಅನುಭವ ಇಲ್ಲಿ ಅಷ್ಟಾಗಿ ಮುಂದಿಲ್ಲ; ಇವತ್ತು ಓದಲು ಕೂತ ಕಿರಿಯರು ಅವರ ಜೊತೆಗೇ ಹೊರಟಂತೆ. ಇಂಥ ಅವಕಾಶ ವಕೀಲಿಕೆಯಲ್ಲಿ ಪದೇ ಪದೇ ಬರುವುದಿಲ್ಲ. ಇನ್ನು ಲೆಕ್ಕಪರಿಶೋಧಕರು ಸಾಲದೆ ಎಂಬ ಪ್ರಶ್ನೆ. ಅವರು ಕಾನೂನು ಇದ್ದಂತೆ ಲೆಕ್ಕ ಹಾಕಿಕೊಡುತ್ತಾರೆ, ಚೆನ್ನಾಗಿಯೇ ಹಾಕುತ್ತಾರೆ. ಕಾನೂನೇ ತಪ್ಪಾಗಿದೆ ಎಂದು ವಾದಿಸುವುದು ಅವರ ಕಸುಬಲ್ಲ.

ಊರಿನ ಮಾತಿಗೆ ಬರೋಣ. ಬೆಳಗಾವಿ ಇದಕ್ಕೆ ತಕ್ಕ ಊರು ಎಂದೆ. ಏಕೆಂದರೆ ಇಲ್ಲಿ ಎಲ್ಲ ಬಗೆಯ ಪಿಂಚಣಿದಾರರೂ ಇದ್ದಾರೆ, ಅವರ ದಾರಿಗಳು ಮಾತ್ರ ದಿಕ್ಕಾಪಾಲು. ರಾಜ್ಯ ಸರ್ಕಾರಿ ನೌಕರರ ಪಿಂಚಣಿ ತಕರಾರಿಗೆ ಆಡಳಿತ ನ್ಯಾಯಮಂಡಳಿಯ ಪೀಠ ಬೆಳಗಾವಿಯಲ್ಲೇ ಇದೆ. ಮೇಲೆ ಹೋದರೆ ಧಾರವಾಡದ ಹೈಕೋರ್ಟು ಪೀಠ. ಲೋಂಡಾದಲ್ಲಿ ದುಡಿದು ನಿವೃತ್ತರಾದ ರೈಲ್ವೆಯವರು ಕೇಂದ್ರ ನ್ಯಾಯಮಂಡಳಿಗೆಂದು ಬೆಂಗಳೂರಿಗೆ ಹೋಗಬೇಕು. ಮರಾಠಾ ಲಘು ಪದಾತಿ ದಳದ ಕೇಂದ್ರ ನೂರು ವರ್ಷದಿಂದ ಇಲ್ಲಿದೆ, ಸುತ್ತಲ ಹಳ್ಳಿಗಳಲ್ಲಿ ಮಾಜಿ ಸೈನಿಕರ ಮನೆಗಳು ಬೇಕಾದಷ್ಟಿವೆ. ಆದರೆ ಸಶಸ್ತ್ರ ಪಡೆಗಳ ನ್ಯಾಯಮಂಡಳಿಯ ಪೀಠ ಕರ್ನಾಟಕದಲ್ಲೇ ಇಲ್ಲ. ಆದಾಯ ತೆರಿಗೆಯ ಎರಡನೇ ಹಂತದ ಮೇಲ್ಮನವಿಗೆ ಚೋರ್ಲಾ ಘಾಟು ಇಳಿದು ಪಣಜಿ. ಪಿ.ಎಫ್. ಸದಸ್ಯನೂ ಗ್ರಾಹಕನೇ ಎಂದು ಸುಪ್ರೀಂ ಕೋರ್ಟು ಹೇಳಿರುವುದರಿಂದ ಅದರ ಸೇವಾ ಲೋಪಕ್ಕೆ ಜಿಲ್ಲಾ ಗ್ರಾಹಕ ಆಯೋಗ. ಗ್ರ್ಯಾಚುಟಿಗೆ ಕಾರ್ಮಿಕ ಇಲಾಖೆಯ ಅಧಿಕಾರಿ. ಯಾವ ಕಾಗದಕ್ಕೆ ಯಾವ ಬಾಗಿಲು ಎಂದು ಹೇಳುವುದೇ ಒಂದು ವೃತ್ತಿಗೆ ಸಾಕಾಗುವಷ್ಟು ಕೆಲಸ.

ಆದರೆ ಬಾಗಿಲೇ ಇಲ್ಲದವರೂ ಇದ್ದಾರೆ. ನೌಕರಿಯಿದ್ದವರ ಪಿಂಚಣಿ ಕಾನೂನು ಹೇಗೆ ನಡೆಯುತ್ತದೆ ಎಂದು ಇಷ್ಟು ಹೊತ್ತು ಕೇಳಿದಿರಿ. ಬೆಳಗಾವಿಯಿಂದ 25 ಕಿಲೋಮೀಟರು ದಾಟಿ ಖಾನಾಪುರಕ್ಕೆ ಹೋದರೆ ಈ ಕಾನೂನು ತೆಳುವಾಗುತ್ತದೆ. ಕೆಂಪು ಮಣ್ಣಿನ ನಾಡು, ಇಟ್ಟಿಗೆ ಭಟ್ಟಿ, ಹಂಚು, ಕುಂಬಾರಿಕೆಗೆ ಹೆಸರಾದದ್ದು. ಪಶ್ಚಿಮಕ್ಕೆ ಕಣಕುಂಬಿ, ಜಾಂಬೋಟಿ ಕಡೆಯ ಕಾಡಂಚಿನ ಹಳ್ಳಿಗಳಿಂದ ಗೋವೆಯ ಕಟ್ಟಡ ಕೆಲಸಕ್ಕೆ, ಹೋಟೆಲ್ ಕೆಲಸಕ್ಕೆ ಹೋಗುವವರು ಬಹಳ. ಪಿ.ಎಫ್. ಕಾನೂನಿಗೆ ಒಂದೇ ಕಡೆ 20 ಜನ ಬೇಕು. ಇಲ್ಲಿ ಆ ಸಂಖ್ಯೆ ಕೂಡುವುದು ಅಪರೂಪ. ತೆರಿಗೆ ವಿನಾಯಿತಿ ಇವರಿಗೆ ಉಪಯೋಗವಿಲ್ಲ. ತೆರಿಗೆ ಕಟ್ಟುವವನಿಗೆ ತಾನೆ ವಿನಾಯಿತಿ? ಹೊಸ ತೆರಿಗೆ ಪದ್ಧತಿಯಲ್ಲಿ ಸ್ವಂತ ಉಳಿತಾಯಕ್ಕೆ ಇದ್ದ ಕಡಿತವೂ ಹೋಗಿದೆ, ಮಾಲೀಕ ಕಟ್ಟುವ ಪಾಲಿಗೆ ಮಾತ್ರ ರಿಯಾಯಿತಿ ಉಳಿದಿದೆ. ಮಾಲೀಕನೇ ಇಲ್ಲದ ಕುಂಬಾರನಿಗೆ ಅಲ್ಲಿ ಯಾವ ಪಾಲು? ಅಸಂಘಟಿತರಿಗೆಂದು 2019ರಲ್ಲಿ ಬಂದ ಶ್ರಮಯೋಗಿ ಮಾನಧನ ಯೋಜನೆ ಇದೆ. ವಯಸ್ಸಿಗೆ ತಕ್ಕಂತೆ ತಿಂಗಳಿಗೆ 55ರಿಂದ 200 ರೂಪಾಯಿ ಕಟ್ಟಿದರೆ 60ಕ್ಕೆ ತಿಂಗಳಿಗೆ 3,000. ಕೇಳಲು ಚೆನ್ನಾಗಿದೆ. ಆದರೆ ಇಂದು 20 ವರ್ಷದ ಹುಡುಗನಿಗೆ ಆ 3,000 ಸಿಗುವುದು 40 ವರ್ಷದ ಮೇಲೆ. ಬೆಲೆಗಳು ವರ್ಷಕ್ಕೆ ನೂರಕ್ಕೆ 5ರಂತೆ ಏರಿದರೂ ಆಗ ಆ ಹಣಕ್ಕೆ ಇಂದಿನ 400 ಚಿಲ್ಲರೆ ರೂಪಾಯಿಯ ಬೆಲೆ. ಬೆಲೆಯೇರಿಕೆಗೆ ತಕ್ಕಂತೆ ಏರುತ್ತದೆ ಎಂಬ ಒಂದು ವಾಕ್ಯ ಯೋಜನೆಯಲ್ಲಿದ್ದರೆ ಅದು ಪಿಂಚಣಿ. ಇಲ್ಲದಿದ್ದರೆ ಹುಡುಗ ಸೇರದಿರುವುದೇ ಜಾಣತನ ಎಂದು ನಾನು ಹೇಳಬೇಕಾಗುತ್ತದೆ.

ಗಡಿಯ ತಾಲೂಕಿಗೆ ಇನ್ನೂ ಒಂದು ಕಗ್ಗಂಟಿದೆ. ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಗಳು 1996ರ ಕಾಯ್ದೆಯಿಂದ ಬಂದವು, ಅವು ರಾಜ್ಯವಾರು. ಖಾನಾಪುರದ ಗೌಂಡಿ ಗೋವೆಯಲ್ಲಿ ಕಟ್ಟಿದ ಮನೆಗಳ ಮೇಲೆ ಕಾರ್ಮಿಕರ ಕಲ್ಯಾಣಕ್ಕೆಂದು ಹಾಕುವ ಸೆಸ್ಸು ಗೋವೆಯ ಮಂಡಳಿಗೆ ಹೋಗುತ್ತದೆ. ನಾಲ್ಕು ಕಾರ್ಮಿಕ ಸಂಹಿತೆಗಳಲ್ಲಿ ಒಂದಾದ ಹೊಸ ಸಾಮಾಜಿಕ ಭದ್ರತಾ ಸಂಹಿತೆ ಇದನ್ನು ಸ್ವಲ್ಪ ಗಮನಿಸಿದೆ. ವಲಸೆ ಹೋದ ಕಾರ್ಮಿಕನಿಗೆ ಅವನು ಸದ್ಯ ಕೆಲಸ ಮಾಡುತ್ತಿರುವ ರಾಜ್ಯದ ಮಂಡಳಿಯೇ ಸೌಲಭ್ಯ ಕೊಡಬೇಕು ಎನ್ನುತ್ತದೆ. ಪೆಟ್ಟಾದರೆ, ಹೆರಿಗೆಯಾದರೆ ಇದು ಸರಿ. ಆದರೆ ಪಿಂಚಣಿ ಬರುವುದು ಕೆಲಸ ನಿಂತ ಮೇಲೆ. 60 ತುಂಬಿ ಊರಿಗೆ ಮರಳಿ ಜಗಲಿಯ ಮೇಲೆ ಕೂತವನು ಸದ್ಯ ಎಲ್ಲಿಯೂ ಕೆಲಸ ಮಾಡುತ್ತಿಲ್ಲ. ಅವನ ಪಿಂಚಣಿ ಯಾರ ಹೊಣೆ, ಗೋವೆಯದೋ ಕರ್ನಾಟಕದ್ದೋ? ಇಂಥ ತೊಡಕು ದಿಲ್ಲಿಯ ಮೇಜಿನ ಮೇಲೆ ಹೊಳೆಯುವುದಿಲ್ಲ. ಖಾನಾಪುರದ ಬಸ್‌ಸ್ಟ್ಯಾಂಡಿನಲ್ಲಿ ಗೋವೆಯ ಬಸ್ಸಿಗೆ ಕಾಯುವವರನ್ನು ಬಲ್ಲ ವಕೀಲರಿಗೆ ಹೊಳೆಯುತ್ತದೆ. ನಿಯಮಗಳ ಕರಡು ಹೊರಬಂದಾಗ ಆಕ್ಷೇಪಣೆಗೆ ಕೆಲವು ವಾರ ಕಾಲ ಕೊಡುತ್ತಾರೆ. ಆ ವಾರಗಳಲ್ಲಿ ಎರಡು ಪುಟದ ಟಿಪ್ಪಣಿ ಕಳಿಸಿದರೆ ಆಗುವ ಕೆಲಸಕ್ಕೆ ಆಮೇಲೆ 25 ವರ್ಷದ ದಾವೆ ಬೇಕಾಗಬಹುದು; ಶಿಕ್ಷಕರ ಗ್ರ್ಯಾಚುಟಿಯಲ್ಲಿ ಅದನ್ನು ನೋಡಿದೆವು. ಹೊಸ ದಾರಿಗಳು ಇಲ್ಲದಿಲ್ಲ. ಮನೆಬಾಗಿಲಿಗೆ ಊಟ, ಸಾಮಾನು ತರುವ ಗಿಗ್ ಕಾರ್ಮಿಕರಿಗಾಗಿ ಕರ್ನಾಟಕ 2025ರಲ್ಲಿ ಕಾಯ್ದೆ ಮಾಡಿತು. ಅಲ್ಲಿ ಮಾಲೀಕ ಯಾರು ಎಂಬ ಜಗಳವನ್ನು ಬದಿಗಿಟ್ಟು ಪ್ರತಿ ವಹಿವಾಟಿನ ಪಾವತಿಯ ಮೇಲೆ ನೂರಕ್ಕೆ 1ರಿಂದ 5ರಷ್ಟು ಕಲ್ಯಾಣ ಶುಲ್ಕ ಹಾಕಿದರು. ಈ ಕ್ರಮವನ್ನು ಇಟ್ಟಿಗೆಗೆ, ಹಂಚಿಗೆ ತರಲಾಗದೆ? ಸಾವಿರ ಇಟ್ಟಿಗೆಗೆ ಇಷ್ಟು ರೂಪಾಯಿ ಎಂದು. ಬೆಲೆ ಏರುತ್ತದೆ ಎನ್ನುವರು, ಒಂದಿಷ್ಟು ಏರುತ್ತದೆ. ನೋಂದಣಿಯಿಲ್ಲದ ಭಟ್ಟಿಗಳಿಂದ ವಸೂಲು ಹೇಗೆ ಎನ್ನುವರು, ಅದು ನಿಜವಾದ ತೊಡಕು. ಕೊಳ್ಳುವ ಗುತ್ತಿಗೆದಾರನಿಂದ ವಸೂಲು ಮಾಡಬಹುದೆ ಎಂದು ಕೂತು ಯೋಚಿಸಬೇಕು. ಹಾಗೆ ಯೋಚಿಸುವುದೇ ಈ ವೃತ್ತಿ.

ಬೆಳಗಾವಿಯ ರಾಜಾ ಲಖಮಗೌಡ ಕಾನೂನು ಕಾಲೇಜು 1939ರಿಂದ ವಕೀಲರನ್ನು ತಯಾರು ಮಾಡುತ್ತಿದೆ. 1989ರಲ್ಲಿ ಭಾರತದ ಮುಖ್ಯ ನ್ಯಾಯಮೂರ್ತಿಯಾದ ಇ.ಎಸ್. ವೆಂಕಟರಾಮಯ್ಯನವರು ಕಲಿತ ಕಾಲೇಜು ಅದು. ಅಲ್ಲಿಯ, ಹಾಗೂ ಈ ಭಾಗದ ಉಳಿದ ಕಾನೂನು ಕಾಲೇಜುಗಳ ಅಧ್ಯಾಪಕರಲ್ಲಿ ನನ್ನದೊಂದು ವಿನಂತಿ. ಕಾರ್ಮಿಕ ಕಾನೂನು ಒಂದು ವರ್ಷ, ತೆರಿಗೆ ಇನ್ನೊಂದು ವರ್ಷ ಎಂದು ಬೇರೆ ಬೇರೆ ಹೇಳಿಕೊಡುವ ಜೊತೆಗೆ, ಎರಡನ್ನೂ ಒಂದು ಪಿಂಚಣಿ ಕಾಗದದ ಮೇಲೆ ಕೂಡಿಸಿ ಹೇಳಿಕೊಡಿ. ಕಾನೂನು ನೆರವು ಶಿಬಿರಗಳನ್ನು ನಡೆಸುವಾಗ ನವೆಂಬರ್ ತಿಂಗಳಲ್ಲಿ, ಜೀವಿತ ಪ್ರಮಾಣಪತ್ರ ಕೊಡಲು ಹಿರಿಯರು ಬ್ಯಾಂಕಿಗೆ ಬರುವ ಹೊತ್ತಿನಲ್ಲಿ, ಖಾನಾಪುರದಲ್ಲಿ ಒಂದು ಮೇಜು ಹಾಕಿ. ಕೇಳುಗರಾದ ನಿಮಗೂ ಒಂದು ಮಾತು. 1987ರ ಕಾನೂನು ಸೇವೆಗಳ ಕಾಯ್ದೆಯ ಪ್ರಕಾರ ಯಾವುದೇ ಮಹಿಳೆಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ, ಕಾರ್ಖಾನೆಯ ಕಾರ್ಮಿಕರಿಗೆ ಆದಾಯ ಎಷ್ಟೇ ಇರಲಿ ಉಚಿತವಾಗಿ ವಕೀಲರು ಸಿಗುತ್ತಾರೆ. ತಾಲೂಕು ಕಾನೂನು ಸೇವಾ ಸಮಿತಿ ಕೋರ್ಟಿನ ಆವರಣದಲ್ಲೇ ಇರುತ್ತದೆ. ಪಿಂಚಣಿಯ ಕಾಗದ, ಪಿ.ಎಫ್. ಸಂಖ್ಯೆ, ಬ್ಯಾಂಕಿನ ಪಾಸ್‌ಬುಕ್ಕು ಇಷ್ಟನ್ನು ತೆಗೆದುಕೊಂಡು ಹೋಗಿ ಕೇಳಿ.